ಡಿಸ್ಕ್ ಡ್ರೈವಿಗೆ 10,000 ರೂಪಾಯಿ

ದೀಪಾವಳಿ ಬೋನಸ್ ಕೈಗೆ ಬರುವ ಹೊತ್ತಿಗೆ ಹೊಸೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮೊದಲೆಲ್ಲ ಆ ದುಡ್ಡು ಟಿವಿಗೋ ಫ್ರಿಜ್ಜಿಗೋ ಬೈಕಿನ ಮುಂಗಡಕ್ಕೋ ಹೋಗುತ್ತಿತ್ತು. ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಕಂಪನಿಗಳಲ್ಲಿ ದುಡಿಯುವ ಹುಡುಗರ ಪಟ್ಟಿಯಲ್ಲಿ ಈಗ ಗೇಮ್ ಕನ್ಸೋಲ್ ಕೂಡ ಸೇರಿಕೊಂಡಿದೆ. ಕೆಲಮಂಗಲದಲ್ಲಿರುವ ನನ್ನ ಅಕ್ಕನ ಮಗ ಫೋನ್ ಮಾಡಿ ಕೇಳಿದ: "ಮಾಮ, ಪಿಎಸ್5 ತಗೋತಿದೀನಿ. ಡಿಸ್ಕ್ ಹಾಕೋದು ತಗೊಳ್ಳೋದಾ, ಡಿಸ್ಕ್ ಇಲ್ಲದ್ದಾ? ಇಲ್ಲದ್ದು ಹತ್ತು ಸಾವಿರ ಕಮ್ಮಿ."

ಡಿಸ್ಕ್ ಹಾಕುವುದನ್ನೇ ತಗೋ ಎಂದೆ. ಕಾರಣ ಫೋನಿನಲ್ಲಿ ಹೇಳಿ ಮುಗಿಯುವಂಥದ್ದಾಗಿರಲಿಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಸೋನಿ ಕಂಪನಿಯ ಪ್ಲೇಸ್ಟೇಷನ್ 5, ಅಂದರೆ ಪಿಎಸ್5ನ ಸ್ಲಿಮ್ ಮಾದರಿ 2024ರ ಏಪ್ರಿಲ್‌ನಲ್ಲಿ ಭಾರತಕ್ಕೆ ಬಂದಾಗ ಡಿಸ್ಕ್ ಡ್ರೈವ್ ಇರುವುದಕ್ಕೆ 54,990 ರೂಪಾಯಿ, ಇಲ್ಲದ ಡಿಜಿಟಲ್ ಮಾದರಿಗೆ 44,990. ದೊಡ್ಡ ಕಂಪನಿಯ ಹೊಸ ಗೇಮ್ ಒಂದಕ್ಕೆ ಸುಮಾರು 5,000 ರೂಪಾಯಿ. ಆಡಿ ಮುಗಿಸಿ ಒಂದೆರಡು ತಿಂಗಳೊಳಗೆ ಮಾರಿದರೆ ಡಿಸ್ಕಿಗೆ ಹೆಚ್ಚುಕಡಿಮೆ ಅರ್ಧ ದುಡ್ಡು ವಾಪಸ್ ಬರುತ್ತದೆ. ಹೊಸೂರು ಮತ್ತು ಬೆಂಗಳೂರಿನ ಗೆಳೆಯರ ನಡುವೆ ವರ್ಷಗಳಿಂದ ಕೊಂಡು ಮಾರಿ ನಾನು ಕಂಡುಕೊಂಡ ದರ ಅದು. ನಾಲ್ಕು ಗೇಮ್ ಮಾರುವಷ್ಟರಲ್ಲಿ ಡ್ರೈವಿಗೆ ಕೊಟ್ಟ ಹತ್ತು ಸಾವಿರ ಮರಳುತ್ತದೆ. ಐದನೆಯದರಿಂದ ಮುಂದೆ ಬರುವುದೆಲ್ಲ ಉಳಿತಾಯವೇ. ಡೌನ್‌ಲೋಡ್ ಮಾಡಿ ಕೊಂಡ ಗೇಮನ್ನು ಮಾರುವಂತಿಲ್ಲ, ಒಬ್ಬರಿಗೆ ಎರವಲು ಕೊಡುವಂತಿಲ್ಲ. ಅಲ್ಲಿ ದುಡ್ಡು ಕೊಟ್ಟು ಪಡೆಯುವುದು ಆಡುವ ಪರವಾನಗಿಯನ್ನು ಮಾತ್ರ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಜಾರಿಯಲ್ಲಿರುವ ಕಾನೂನು, ಇದು ಬರೀ ಪರವಾನಗಿ ಎಂದು ಕೊಳ್ಳುವವರಿಗೆ ಸ್ಪಷ್ಟವಾಗಿ ಹೇಳಬೇಕೆನ್ನುತ್ತದೆ. ಅಂಥ ನಿಯಮ ನಮ್ಮಲ್ಲೂ ಬರಬೇಕು.

ಇನ್ನೊಂದು ವಿಷಯ. ಅಕ್ಕನ ಮಗನ ಮನೆಯಲ್ಲಿ ಪಿಎಸ್4ನ ಡಿಸ್ಕುಗಳು ಒಂದು ಸಾಲು ಇವೆ. ಡ್ರೈವ್ ಇರುವ ಪಿಎಸ್5ನಲ್ಲಿ ಅವು ಹೆಚ್ಚುಕಡಿಮೆ ಎಲ್ಲವೂ ಓಡುತ್ತವೆ. ಡಿಜಿಟಲ್ ಮಾದರಿ ಕೊಂಡರೆ ಅಷ್ಟೂ ಡಿಸ್ಕುಗಳು ಕಪಾಟಿಗೇ ಸೀಮಿತ. ಸ್ಲಿಮ್‌ಗೆ ಡ್ರೈವನ್ನು ಆಮೇಲೆ ಬೇರೆಯಾಗಿ ಜೋಡಿಸಬಹುದು, ನಿಜ. ಆದರೆ ಮೊದಲ ಸಲ ಜೋಡಿಸುವಾಗ ಅದನ್ನು ಇಂಟರ್ನೆಟ್ ಮೂಲಕ ಕಂಪನಿಯ ಸರ್ವರಿನಲ್ಲಿ ನೋಂದಾಯಿಸಲೇಬೇಕು. ಇಪ್ಪತ್ತು ವರ್ಷದ ನಂತರ ಆ ಸರ್ವರ್ ಇರುತ್ತದೆಯೇ ಎಂದು ಕೇಳಿಕೊಳ್ಳಬೇಕಾದ್ದು ದುಡ್ಡು ಕೊಡುವ ನಾವು.

"ಸ್ವಲ್ಪ ಕಾಯ್ತೀನಿ ಮಾಮ, ಬೆಲೆ ಇಳೀಲಿ" ಎಂದೂ ಅವನು ಹೇಳಿದ. ಒಂದು ಕಾಲಕ್ಕೆ ನಾನೇ ಎಲ್ಲರಿಗೂ ಕೊಡುತ್ತಿದ್ದ ಸಲಹೆ ಇದು. 2000ದಲ್ಲಿ ಅಮೆರಿಕದಲ್ಲಿ 299 ಡಾಲರಿಗೆ ಬಂದ ಪಿಎಸ್2, 2009ರಲ್ಲಿ 99 ಡಾಲರಿಗೆ ಇಳಿದಿತ್ತು. 2006ರಲ್ಲಿ 60 ಜಿಬಿಯ ಪಿಎಸ್3ಗೆ 599 ಡಾಲರ್, 2009ರ ಸ್ಲಿಮ್‌ಗೆ 299. ಈಗ ಆ ಲೆಕ್ಕ ತಿರುಗಿಬಿದ್ದಿದೆ. 2021ರ ಫೆಬ್ರವರಿಯಲ್ಲಿ ಪಿಎಸ್5 ಇಲ್ಲಿಗೆ ಬಂದಾಗ 49,990 ರೂಪಾಯಿ ಇತ್ತು, 2022ರ ನವೆಂಬರ್‌ನಲ್ಲಿ 54,990 ಆಯಿತು. ಅಮೆರಿಕದಲ್ಲೂ 2025ರ ಆಗಸ್ಟ್‌ನಲ್ಲಿ 50 ಡಾಲರ್ ಏರಿಸಿದರು. ನಮ್ಮಲ್ಲಿ ಕನ್ಸೋಲ್‌ಗಳ ಜಿಎಸ್‌ಟಿ 2019ರ ಜನವರಿಯಿಂದಲೇ 28ರಿಂದ 18 ಪ್ರತಿಶತಕ್ಕೆ ಇಳಿದಿದೆ, ಆ ಲಾಭವೂ ಆಗಲೇ ಲೆಕ್ಕಕ್ಕೆ ಬಂದಾಯಿತು. ಹಬ್ಬದ ರಿಯಾಯಿತಿಗೆ ಕಾಯಿರಿ, ಅದು ಸರಿ. ವರ್ಷಗಟ್ಟಲೆ ಕಾಯುವುದರಲ್ಲಿ ಈಗ ಲಾಭ ಕಾಣುತ್ತಿಲ್ಲ.

ನನಗೆ ಹೆಚ್ಚು ಕಾಡುವ ವಿಷಯ ಬೇರೆ. ಹೊಸ ಪೆಟ್ಟಿಗೆ ಬಂದಾಗ ಹಳೆಯ ಗೇಮ್‌ಗಳ ಗತಿ ಏನು?

ನಾನು ಪಿಎಸ್2 ಕೊಂಡದ್ದು ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ಟಿನಲ್ಲಿ. ಹೊಸೂರಿನಿಂದ ಮೆಜೆಸ್ಟಿಕ್ ಬಸ್ ಹತ್ತಿ, ಅತ್ತಿಬೆಲೆ, ಚಂದಾಪುರ, ಮಡಿವಾಳ ದಾಟಿ ಅಲ್ಲಿಗೆ ಹೋಗುವುದು ಆಗ ನಮ್ಮ ಕಡೆಯ ಹುಡುಗರಿಗೆಲ್ಲ ರೂಢಿ. ಚಿಪ್ ಹಾಕಿಸಿ ಐವತ್ತು ರೂಪಾಯಿಯ ನಕಲಿ ಡಿಸ್ಕ್ ಆಡುವವರೇ ಹೆಚ್ಚು. ನಾನು ತಿಂಗಳ ಸಂಬಳದಲ್ಲಿ ಉಳಿಸಿ ಅಸಲಿ ಡಿಸ್ಕುಗಳನ್ನು ಕೂಡಿಸುತ್ತಿದ್ದೆ. ಆ ಡಿಸ್ಕುಗಳು ಇಂದಿಗೂ ಓಡುತ್ತಿವೆ.

ಪಿಎಸ್3 ಬಂದಾಗ ಏನಾಯಿತೆಂಬುದು ಪ್ರತಿಯೊಬ್ಬ ಗ್ರಾಹಕನಿಗೂ ತಿಳಿದಿರಬೇಕು. 2006ರ ನವೆಂಬರ್‌ನಲ್ಲಿ ಜಪಾನ್ ಮತ್ತು ಅಮೆರಿಕದಲ್ಲಿ ಮಾರಿದ ಮೊದಲ ಪಿಎಸ್3ಗಳ ಒಳಗೆ ಪಿಎಸ್2ರ ಚಿಪ್ಪುಗಳನ್ನೇ ಕೂರಿಸಿದ್ದರು, ಹಳೆಯ ಡಿಸ್ಕ್ ಹಾಕಿದರೆ ಹಾಗೇ ಓಡುತ್ತಿತ್ತು. ಕನ್ಸೋಲ್ ತಯಾರಿಕೆಗೆ ಆಗ ಮಾರುವ ಬೆಲೆಗಿಂತ ಹೆಚ್ಚು ಖರ್ಚಾಗುತ್ತಿತ್ತು. ಖರ್ಚು ಇಳಿಸಬೇಕಾದಾಗ ಮೊದಲು ಕಿತ್ತದ್ದು ಈ ಚಿಪ್ಪುಗಳನ್ನು. 2007ರ ಕೊನೆಗೆ ಬಂದ 40 ಜಿಬಿ ಮಾದರಿಯಲ್ಲಿ ಪಿಎಸ್2 ಡಿಸ್ಕ್ ಓಡುವುದೇ ನಿಂತುಹೋಯಿತು. ಪೆಟ್ಟಿಗೆಯ ಮೇಲಿನ ಹೆಸರು ಬದಲಾಗಲಿಲ್ಲ. ಎರಡಕ್ಕೂ ಪ್ಲೇಸ್ಟೇಷನ್ 3 ಎಂದೇ ಹೆಸರು, ಒಳಗಿನ ಸಾಮಾನು ಬೇರೆ. ಕನ್ಸೋಲ್ ಕೊಳ್ಳುವಾಗ ಹೆಸರು ನೋಡಿದರೆ ಸಾಲದು, ಹಿಂಬದಿಯ ಸ್ಟಿಕ್ಕರಿನ ಮಾದರಿ ಸಂಖ್ಯೆಯನ್ನೂ ಓದಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಪಿಎಸ್3ರ ಗೇಮ್‌ಗಳದು ಅದಕ್ಕಿಂತ ಕಷ್ಟದ ಕಥೆ. ಸೋನಿ, ತೋಷಿಬಾ, ಐಬಿಎಂ ಸೇರಿ ತಯಾರಿಸಿದ ಸೆಲ್ ಎಂಬ ಪ್ರೊಸೆಸರ್ ಆ ಯಂತ್ರದಲ್ಲಿತ್ತು. ಬೇರೆ ಯಂತ್ರದಲ್ಲಿ ಅದನ್ನು ಅನುಕರಿಸುವುದು ಬಹಳ ತ್ರಾಸದ ಕೆಲಸ. ಪಿಎಸ್4, ಪಿಎಸ್5 ಎರಡೂ ಪಿಎಸ್3ರ ಡಿಸ್ಕ್ ಓದುವುದಿಲ್ಲ. ಅಮೆರಿಕದಂಥ ಕಡೆ ಪ್ಲೇಸ್ಟೇಷನ್ ಪ್ಲಸ್‌ನ ದುಬಾರಿ ಚಂದಾ ಕಟ್ಟಿದವರು ಆ ಗೇಮ್‌ಗಳನ್ನು ಇಂಟರ್ನೆಟ್ ಮೂಲಕ ಆಡುತ್ತಾರೆ. ಭಾರತದಲ್ಲಿ ಆ ಸೌಲಭ್ಯವಿಲ್ಲದ ಡಿಲಕ್ಸ್ ಎಂಬ ಬೇರೆ ಚಂದಾ ಕೊಟ್ಟಿದ್ದಾರೆ. ಪಿಎಸ್1, ಪಿಎಸ್2 ಕಾಲದ ಕೆಲವು ಗೇಮ್‌ಗಳು ಅದರಲ್ಲಿ ಸಿಗುತ್ತವೆ, ಪಿಎಸ್3ರವು ಇಲ್ಲ. ಅವನ್ನು ಆಡಬೇಕಾದರೆ ಹಳೆಯ ಪಿಎಸ್3 ಯಂತ್ರವೇ ಮನೆಯಲ್ಲಿರಬೇಕು.

ನಮ್ಮವೇ ಗೇಮ್‌ಗಳ ಸ್ಥಿತಿ ನೋಡಿ. 2009ರಲ್ಲಿ ಹೈದರಾಬಾದಿನ ಕಂಪನಿಗಳು ಪಿಎಸ್2ಗೆಂದು 'ಹನುಮಾನ್: ಬಾಯ್ ವಾರಿಯರ್' ಮತ್ತು 'ದೇಸಿ ಅಡ್ಡಾ' ತಯಾರಿಸಿದವು. ಎರಡನೆಯದರಲ್ಲಿ ಕಬಡ್ಡಿಯಿತ್ತು, ಗಿಲ್ಲಿದಾಂಡು ಇತ್ತು. ತಳಿ, ದೇಂಕಣಿಕೋಟೆಯ ಬಯಲುಗಳಲ್ಲಿ ನಾವು ಆಡಿದ ಆಟ ಟಿವಿಯ ಮೇಲೆ ಬಂದಾಗ ನನಗಾದ ಹಿಗ್ಗು ಅಷ್ಟಿಷ್ಟಲ್ಲ. ಇವತ್ತು ಯಾವ ಆನ್‌ಲೈನ್ ಅಂಗಡಿಯಲ್ಲೂ ಅದು ಸಿಗುವುದಿಲ್ಲ. ಡಿಸ್ಕ್ ಇಟ್ಟುಕೊಂಡವರ ಮನೆಯಲ್ಲಿ ಮಾತ್ರ ಉಳಿದಿದೆ. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ಕ್ಕೆ ಮೊದಲು ಆ ದೇಶದಲ್ಲಿ ಬಂದ ಗೇಮ್‌ಗಳಲ್ಲಿ 87 ಪ್ರತಿಶತ ಈಗ ಮಾರುಕಟ್ಟೆಯಲ್ಲಿ ಕೊಳ್ಳಲು ಸಿಗುವುದಿಲ್ಲ. ಅಷ್ಟು ದೊಡ್ಡ ಮಾರುಕಟ್ಟೆಯಲ್ಲೇ ಹಾಗಾದರೆ ನಮ್ಮ ಬೆರಳೆಣಿಕೆಯ ಗೇಮ್‌ಗಳನ್ನು ಯಾರು ಕಾಯಬೇಕು?

ಪುಸ್ತಕಕ್ಕೆ ನಮ್ಮಲ್ಲಿ ಒಂದು ಏರ್ಪಾಡಿದೆ. 1954ರ ಕಾಯ್ದೆಯಂತೆ ಪ್ರಕಾಶಕರು ಪ್ರತಿ ಪುಸ್ತಕದ ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈಯ ಕನ್ನೆಮಾರ ಗ್ರಂಥಾಲಯವೂ ಸೇರಿದಂತೆ ಇತರ ಮೂರು ಕಡೆಗೂ ಕಳಿಸಬೇಕು. ಹೊಸೂರಿನಲ್ಲಿ ಅಚ್ಚಾದ ಕನ್ನಡ ಪುಸ್ತಕಕ್ಕೂ ಇದು ಅನ್ವಯಿಸುತ್ತದೆ. ಪತ್ರಿಕೆಗಳನ್ನು ಆಮೇಲೆ ಸೇರಿಸಿದರು. ಗೇಮ್ ಡಿಸ್ಕುಗಳನ್ನೂ ಸೇರಿಸಲು ಒಂದು ತಿದ್ದುಪಡಿ ಸಾಕು, ಸರ್ಕಾರಕ್ಕೆ ದೊಡ್ಡ ಖರ್ಚೇನೂ ಇಲ್ಲ.

ಆನ್‌ಲೈನ್ ಅಂಗಡಿಗಳನ್ನು ನಂಬಿ ಕೂರುವಂತಿಲ್ಲ. ನಿಂಟೆಂಡೊದ ವೀ ಕನ್ಸೋಲಿನ ಅಂಗಡಿ 2019ರ ಜನವರಿಯಲ್ಲಿ ಮುಚ್ಚಿತು. ವೀ ಯು, 3ಡಿಎಸ್‌ಗಳದು 2023ರ ಮಾರ್ಚ್‌ನಲ್ಲಿ, ಎಕ್ಸ್‌ಬಾಕ್ಸ್ 360ರದು 2024ರ ಜುಲೈನಲ್ಲಿ. 2021ರಲ್ಲಿ ಪಿಎಸ್3ರ ಅಂಗಡಿಯನ್ನೂ ಮುಚ್ಚುವುದಾಗಿ ಹೇಳಿದ್ದ ಸೋನಿ, ಗ್ರಾಹಕರ ಗಲಾಟೆಗೆ ಮಣಿದು ನಿರ್ಧಾರ ಬದಲಿಸಿತು. ಜನ ಕೇಳಿದರೆ ಕಂಪನಿಗಳು ಕಿವಿಗೊಡುತ್ತವೆ ಎಂಬುದಕ್ಕೆ ಇದೊಂದು ಸಾಕ್ಷಿ.

ನಿಂಟೆಂಡೊ ಬಗ್ಗೆ ಕೇಳುವವರೂ ಇದ್ದಾರೆ. ಆ ಕಂಪನಿ ಭಾರತದಲ್ಲಿ ಅಧಿಕೃತವಾಗಿ ಮಾರುವುದಿಲ್ಲ. ಇಲ್ಲಿ ಸಿಗುವ ಅದರ ಸ್ವಿಚ್ ಕನ್ಸೋಲ್‌ಗಳು ಹೊರಗಿನಿಂದ ತರಿಸಿದವು, ಕಂಪನಿಯ ವಾರಂಟಿ ಇಲ್ಲಿ ಸಿಗುವುದಿಲ್ಲ. 2025ರ ಜೂನ್ 5ರಂದು ಬಂದ ಸ್ವಿಚ್ 2ರಲ್ಲಿ ಹಳೆಯ ಸ್ವಿಚ್‌ನ ಹೆಚ್ಚಿನ ಗೇಮ್‌ಗಳು ಓಡುತ್ತವೆ, ಮೆಚ್ಚಬೇಕಾದ ಮಾತು. ಆದರೆ ಅದರ ಕೆಲವು ಗೇಮ್‌ಗಳು 'ಗೇಮ್-ಕೀ ಕಾರ್ಡ್' ರೂಪದಲ್ಲಿ ಬರುತ್ತಿವೆ. ಆ ಕಾರ್ಡಿನಲ್ಲಿ ಗೇಮ್ ಇರುವುದಿಲ್ಲ, ಡೌನ್‌ಲೋಡ್ ಮಾಡಿಕೊಳ್ಳುವ ಬೀಗದ ಕೈ ಮಾತ್ರ ಇರುತ್ತದೆ. ಡಬ್ಬಿಯ ಮುಂಭಾಗದಲ್ಲೇ ಅದನ್ನು ನಮೂದಿಸಿರುತ್ತಾರೆ, ನೋಡಿ ದುಡ್ಡು ಕೊಡಿ.

ಕಾನೂನಿನ ಮಾತು ಒಂದಿಷ್ಟು. 1957ರ ಕೃತಿಸ್ವಾಮ್ಯ ಕಾಯ್ದೆಯ 52(1)(ಎಎ) ಕಲಂ, ಕ್ರಮಬದ್ಧವಾಗಿ ಕೊಂಡ ಕಂಪ್ಯೂಟರ್ ಪ್ರೋಗ್ರಾಂ ಹಾಳಾಗಬಹುದೆಂದು ಒಂದು ರಕ್ಷಣಾ ಪ್ರತಿ ಮಾಡಿಟ್ಟುಕೊಳ್ಳಲು ಅವಕಾಶ ಕೊಡುತ್ತದೆ. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ನಕಲು ತಡೆಯುವ ಬೀಗ ಮುರಿದರೆ 2012ರಲ್ಲಿ ಸೇರಿಸಿದ 65ಎ ಪ್ರಕಾರ ಶಿಕ್ಷೆಯಿದೆ. ನಕಲು ಮಾಡಿ ಮಾರುವವರ ಜೊತೆ ಮಾತ್ರ ವ್ಯವಹಾರ ಬೇಡ.

1980ರಲ್ಲಿ ಹೊಸೂರಿನ ಕಾರ್ಖಾನೆಯಿಂದ ಹೊರಬಂದ ಟಿವಿಎಸ್ 50 ಮೊಪೆಡ್ಡನ್ನು ಇಲ್ಲಿನ ಮೆಕ್ಯಾನಿಕ್‌ಗಳು ಇವತ್ತಿಗೂ ರಿಪೇರಿ ಮಾಡಿಕೊಡುತ್ತಾರೆ. ಹಳೆಯ ಕನ್ಸೋಲಿಗೆ ಅಂಥ ಕೈ ಸಿಗುವುದು ಕಷ್ಟ. ಹಾಗಾಗಿ ಸೆಕೆಂಡ್ ಹ್ಯಾಂಡ್ ಪಿಎಸ್2 ಕೊಳ್ಳುವವರು ಆಡಿ ನೋಡದೆ ದುಡ್ಡು ಕೊಡಬೇಡಿ. ಮೊದಲು ಹೋಗುವುದು ಲೆನ್ಸ್. ಒಂದು ಸಿಡಿ, ಒಂದು ಡಿವಿಡಿ ಎರಡನ್ನೂ ನಿಮ್ಮ ಕೈಯಿಂದಲೇ ಹಾಕಿ, ಅರ್ಧ ಗಂಟೆಯಾದರೂ ಓಡಿಸಿ. ಅಮೆರಿಕದ ನೆಂಟರು ತಂದುಕೊಟ್ಟ ಪಿಎಸ್2ನಲ್ಲಿ ಇಲ್ಲಿನ ಡಿಸ್ಕ್ ಓಡುವುದಿಲ್ಲ, ಪ್ರದೇಶದ ಬೀಗವಿದೆ. ಮೂರು ಬಣ್ಣದ ಎವಿ ಕಿಂಡಿ ನಿಮ್ಮ ಟಿವಿಯಲ್ಲಿ ಇಲ್ಲದಿದ್ದರೆ ಎಚ್‌ಡಿಎಂಐ ಅಡಾಪ್ಟರಿನ ಖರ್ಚನ್ನೂ ಸೇರಿಸಿಕೊಳ್ಳಿ. ಹಳೆಯ ಪಿಎಸ್4 ಆದರೆ ಸಾಫ್ಟ್‌ವೇರ್ 9.00 ಅಥವಾ ಅದಕ್ಕಿಂತ ಹೊಸದಿರಲಿ. ಅದಕ್ಕೆ ಮೊದಲಿನದರಲ್ಲಿ ಒಳಗಿನ ಗಡಿಯಾರದ ಪುಟ್ಟ ಬ್ಯಾಟರಿ ಸತ್ತು, ಸರ್ವರ್ ಸಂಪರ್ಕವೂ ಸಿಗದಿದ್ದರೆ ಗೇಮ್ ಶುರುವಾಗುತ್ತಿರಲಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಅದನ್ನು ಸರಿಪಡಿಸಿದರು. ಮನೆಯಲ್ಲಿ ಈಗಾಗಲೇ ಪಿಎಸ್2 ಅಥವಾ ಪಿಎಸ್3 ಇದ್ದರೆ ಎಕ್ಸ್‌ಚೇಂಜಿಗೆ ಕೊಡಬೇಡಿ. ಅಂಗಡಿಯವರು ಕೊಡುವ ಮೊತ್ತದಲ್ಲಿ ಒಂದು ಹೊಸ ಗೇಮ್ ಕೂಡ ಬರುವುದಿಲ್ಲ, ಕೊಟ್ಟ ಮೇಲೆ ನಿಮ್ಮಲ್ಲಿರುವ ಡಿಸ್ಕುಗಳನ್ನು ಓದುವ ಯಂತ್ರವೂ ಇರುವುದಿಲ್ಲ.