ಗಾಡಿಯ ನಾಡಿಪರೀಕ್ಷೆ

ವೈದ್ಯನು ರೋಗಿಯ ನಾಡಿಯನ್ನು ಎಣಿಸುವಂತೆ ಗಾಡಿಯ ಸದ್ದನ್ನೂ ನಾವು ಎಣಿಸಬಹುದು. ನಾಲ್ಕು ಗಾಲಿಗಳಿಗೂ ಎಂಜಿನಿನ ಬಲ ಹರಿಯುವ ಪಿಕಪ್ ಗಾಡಿಯೊಂದರ ತಳದಲ್ಲಿ ಅಪರಿಚಿತ ಸದ್ದೊಂದು ಹುಟ್ಟಿತೆನ್ನೋಣ. ಬಿಚ್ಚುವ ಮೊದಲು ವಿಚಾರಿಸೋಣ.

ಗಾಡಿಯನ್ನು ನಿಲ್ಲಿಸಿ, ಗೇರನ್ನು ಬಿಡಿಸಿ, ಎಂಜಿನಿನ ವೇಗವನ್ನೇರಿಸಿದಾಗಲೂ ಸದ್ದು ಬಂದರೆ, ದೋಷವು ಎಂಜಿನಿನಲ್ಲಿ ಇಲ್ಲವೆ ಅದರೊಡನೆ ತಿರುಗುವ ಭಾಗಗಳಲ್ಲಿದೆ. ಓಟದಲ್ಲಿ ಮಾತ್ರ ಕೇಳಿಬಂದು, ಗೇರು ಬದಲಿಸಿದರೂ ಮಾರ್ಪಡದೆ ಓಟದ ವೇಗವನ್ನೇ ಅನುಸರಿಸಿದರೆ, ಗಾಲಿಗಳನ್ನೂ ಅವುಗಳಿಗೆ ಬಲವನ್ನೊಯ್ಯುವ ದಂಡಗಳನ್ನೂ ಶಂಕಿಸಬೇಕು.

ಈಗ ಲೆಕ್ಕ. 75 ಸೆಂಟಿಮೀಟರು ವ್ಯಾಸದ ಗಾಲಿಯು ಒಂದು ಸುತ್ತಿಗೆ ಸುಮಾರು 2.36 ಮೀಟರು ಸಾಗುತ್ತದೆ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಸೆಕೆಂಡಿಗೆ ಸುಮಾರು 7 ಸುತ್ತು. ಅಚ್ಚಿನ ಗೇರು 4ಕ್ಕೆ 1ರ ಪ್ರಮಾಣದ್ದಾದರೆ, ಉದ್ದನೆಯ ಚಾಲಕದಂಡವು 28 ಸುತ್ತುತ್ತದೆ. ಆದುದರಿಂದ ಸೆಕೆಂಡಿಗೆ 7ರ ಬಡಿತವು ಗಾಲಿಯನ್ನೂ, 28ರ ನಡುಕವು ತೂಕ ತಪ್ಪಿದ ದಂಡವನ್ನೂ, 56ರದು ದಂಡದ ತುದಿಯ ಸಂಧಿಯನ್ನೂ ಬೊಟ್ಟುಮಾಡಿ ತೋರುತ್ತದೆ; ಆ ಸಂಧಿಯು ಓರೆಯಾಗಿ ತಿರುಗುವಾಗ ಸುತ್ತಿಗೆ ಎರಡು ಸಲ ದಂಡದ ವೇಗ ಏರಿ ಇಳಿಯುತ್ತದೆ.

ಒಂದು ಎಚ್ಚರಿಕೆ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸಾಗುತ್ತವೆ. ನಡುವೆ ಡಿಫರೆನ್ಷಿಯಲ್ ಇಲ್ಲದ ಗಾಡಿಯಲ್ಲಿ ನಾಲ್ಕೂ ಗಾಲಿಗಳ ಚಾಲನೆಯನ್ನು ಒಣ ರಸ್ತೆಯಲ್ಲಿಯೂ ಜೋಡಿಸಿಟ್ಟರೆ, ದಂಡಗಳು ತಿರುಚಿಕೊಂಡು 'ಧಡ್' ಎನ್ನುವುದುಂಟು. ಅಲ್ಲಿ ತಿದ್ದಬೇಕಾದುದು ನಮ್ಮ ಬಳಕೆಯನ್ನು. ಆದರೆ ತಿರುವಿನಲ್ಲಿ ಭಾರ ಒಂದು ಕಡೆ ವಾಲಿದಾಗ ಮೊರೆತ ಹೆಚ್ಚಿದರೆ, ಅದು ಸವೆದ ಬೇರಿಂಗಿನ ಕುರುಹು, ತಡಮಾಡಬಾರದು. ಅದು ಕುಸಿದರೆ ಓಡುವ ಗಾಡಿಯಿಂದ ಗಾಲಿಯೇ ಕಳಚೀತು.