ಟವೆಲ್ ಹಿಂಡೋ ಯಂತ್ರದ ಲೆಕ್ಕ

ಕಾರು ಒರೆಸೋ ಮೈಕ್ರೋಫೈಬರ್ ಟವೆಲ್ ಹಿಂಡಲು ಕೈಯಿಂದ ತಿರುಗಿಸುವ ರಿಂಗರ್ ಸಿಗುತ್ತೆ. ಕಬ್ಬಿನ ಹಾಲಿನ ಯಂತ್ರ ನೋಡಿದ್ದೀರಲ್ಲ, ಅದೇ ತತ್ವ. ರೋಲರ್ ಮಾತ್ರ ರಬ್ಬರಿನವು. ಹಿಡಿಕೆಯ ತೋಳು 20 ಸೆಂ.ಮೀ., ರೋಲರಿನ ತ್ರಿಜ್ಯ 2.5 ಸೆಂ.ಮೀ. ಅಂದುಕೊಳ್ಳೋಣ. ಘರ್ಷಣೆ ಲೆಕ್ಕಕ್ಕಿಲ್ಲದಿದ್ದರೆ, ನಾವು ಹಾಕಿದ ಬಲದ 8 ಪಟ್ಟು ಬಲದಲ್ಲಿ ಬಟ್ಟೆ ಒಳಗೆ ಹೋಗುತ್ತೆ. ಆದರೆ ನೀರನ್ನು ಹಿಂಡೋದು ಈ ಎಳೆತವಲ್ಲ, ರೋಲರುಗಳನ್ನು ಒತ್ತಿ ಹಿಡಿದಿರುವ ಮೇಲಿನ ಸ್ಕ್ರೂ! ಅದನ್ನು ಬಿಗಿ ಮಾಡಿದಷ್ಟೂ ನೀರು ಹೆಚ್ಚು ಬರುತ್ತೆ, ತಿರುಗಿಸೋದೂ ಕಷ್ಟವಾಗುತ್ತೆ.

ಮರಳಿನ ವಿಷಯದಲ್ಲಿ ಮಾತ್ರ ನಾವು ಇದನ್ನು ನಂಬೋ ಹಾಗಿಲ್ಲ. ನೂಲಿನೊಳಗೆ ಸಿಕ್ಕಿಕೊಂಡ ಮರಳು ಹಿಂಡಿದರೂ ಅಲ್ಲೇ ಉಳಿಯಬಹುದು, ಆಮೇಲೆ ಕಾರಿನ ಪೇಂಟ್ ಮೇಲೆ ಗೀರು ಎಳೆಯುತ್ತೆ. ಮೊದಲು ಬಕೆಟ್ಟಿನಲ್ಲಿ ಚೆನ್ನಾಗಿ ಜಾಲಿಸಿ, ಆಮೇಲೆ ಹಿಂಡಿ. ಕೆಲಸ ಮುಗಿದ ಮೇಲೆ ಸ್ಕ್ರೂ ಸಡಿಲಿಸಿಡಿ, ಇಲ್ಲಾಂದ್ರೆ ರಬ್ಬರ್ ಒಂದೇ ಕಡೆ ಚಪ್ಪಟೆಯಾಗುತ್ತೆ.