ಒಂದು ದಿನದಲ್ಲಿ ವಿಜಯಪುರ: ಏನು ನೋಡಬೇಕು, ಹೇಗೆ ನೋಡಬೇಕು

ವಿಜಯಪುರ ಎಂದರೆ ಗೋಳಗುಮ್ಮಟ ಎಂದು ಪರೀಕ್ಷೆಯಲ್ಲಿ ಒಂದು ಅಂಕಕ್ಕೆ ಬರೆಯುತ್ತೇವೆ. ಪ್ರವಾಸಕ್ಕೆ ಹೋದಾಗಲೂ ಹಾಗೆಯೇ: ಗುಮ್ಮಟದೊಳಗೆ ಒಮ್ಮೆ ಕೂಗಿ, ಫೋಟೋ ತೆಗೆದುಕೊಂಡು ಬಸ್ಸು ಹತ್ತುತ್ತೇವೆ. ಆದರೆ 1490ರಿಂದ 1686ರವರೆಗೆ ಆದಿಲ್ ಶಾಹಿಗಳ ರಾಜಧಾನಿಯಾಗಿದ್ದ ಊರು ಇದು. ಸರಿಯಾಗಿ ಯೋಜನೆ ಮಾಡಿದರೆ ಒಂದೇ ದಿನದಲ್ಲಿ ಬಹಳಷ್ಟು ಕಲಿಯಬಹುದು. ಗೋಳಗುಮ್ಮಟ ಊರಿನ ಪೂರ್ವಕ್ಕಿದೆ, ಇಬ್ರಾಹಿಂ ರೋಜಾ ಪಶ್ಚಿಮಕ್ಕಿದೆ. ಆದ್ದರಿಂದ ಪೂರ್ವದಿಂದ ಪಶ್ಚಿಮಕ್ಕೆ ಹೋಗುವುದು ಸುಲಭ.

1. ಗೋಳಗುಮ್ಮಟ
ಬಾಗಿಲು ತೆರೆದ ಕೂಡಲೇ ಇಲ್ಲಿಗೆ ಹೋಗಬೇಕು. ಇದು 1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್ ಶಾಹನ ಸಮಾಧಿ. ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್. ಒಳಗೆ ಒಂದು ಕಂಬವೂ ಇಲ್ಲ. ಹಾಗಾದರೆ ಭಾರ ಹೊರುವವರು ಯಾರು? ತಲೆ ಎತ್ತಿ ನೋಡಿ: ಎಂಟು ಕಮಾನುಗಳು ಒಂದನ್ನೊಂದು ದಾಟಿ, ಕೆಳಗಿನ ಚೌಕವನ್ನು ಮೇಲೆ ವೃತ್ತವಾಗಿ ಮಾಡುತ್ತವೆ. ಆ ವೃತ್ತದ ಮೇಲೆ ಗುಮ್ಮಟ ಕೂತಿದೆ. ಮೂಲೆಯ ಗೋಪುರದ ಮೆಟ್ಟಿಲು ಹತ್ತಿದರೆ ಪಿಸುಗುಟ್ಟುವ ಗ್ಯಾಲರಿ ಸಿಗುತ್ತದೆ. ಬಾಗಿದ ಗೋಡೆಯನ್ನು ಹಿಡಿದು ಸದ್ದು ಸಾಗುವುದರಿಂದ ಒಂದು ಕಡೆ ಪಿಸುಗುಟ್ಟಿದ್ದು ಎದುರು ಕಡೆ ಕೇಳುತ್ತದೆ. ಎಲ್ಲರೂ ಕಿರುಚಿದರೆ ಯಾರಿಗೂ ಏನೂ ಕೇಳುವುದಿಲ್ಲ. ಆವರಣದಲ್ಲಿರುವ ಮ್ಯೂಸಿಯಂಗೆ ಶುಕ್ರವಾರ ರಜೆ.

2. ಜಾಮಿಯಾ ಮಸೀದಿ
ಒಂದನೇ ಅಲಿ ಆದಿಲ್ ಶಾಹ ಕಟ್ಟಿಸಿದ್ದು. ಇಂದಿಗೂ ನಮಾಜು ನಡೆಯುತ್ತದೆ. ನೆಲದ ಮೇಲೆ ಒಬ್ಬೊಬ್ಬರಿಗೆ ಒಂದರಂತೆ 2,250 ಚೌಕಗಳನ್ನು ಗುರುತು ಮಾಡಿದ್ದಾರೆ. ಚಿನ್ನದ ಬಣ್ಣದ ಮಿಹ್ರಾಬನ್ನು ತಪ್ಪದೆ ನೋಡಿ. ಯಾವ ಧರ್ಮದವರೇ ಹೋದರೂ ನಮಾಜಿನ ಹೊತ್ತು ಬಿಟ್ಟು ಹೋಗುವುದು ಒಳ್ಳೆಯದು.

3. ಬಾರಾ ಕಮಾನ್
ಎರಡನೇ ಅಲಿ ಆದಿಲ್ ಶಾಹ ತನ್ನ ಸಮಾಧಿಗಾಗಿ ಆರಂಭಿಸಿದ ಕಟ್ಟಡ. ಕೆಲಸ ಮುಗಿಯಲಿಲ್ಲ. ಛಾವಣಿ ಇಲ್ಲದ ಕಪ್ಪು ಕಮಾನುಗಳು ಮಾತ್ರ ನಿಂತಿವೆ. ಕಮಾನನ್ನು ಹೇಗೆ ಕಟ್ಟುತ್ತಾರೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

4. ಮಲಿಕ್-ಎ-ಮೈದಾನ್
ಪಶ್ಚಿಮ ಕೋಟೆಯ ಬುರುಜಿನ ಮೇಲಿರುವ ಫಿರಂಗಿ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು. ತೂಕ ಸುಮಾರು 55 ಟನ್. ಬಾಯಿ ಸಿಂಹದ ಮುಖದಂತಿದ್ದು, ಹಲ್ಲುಗಳ ನಡುವೆ ಆನೆ ಸಿಕ್ಕಿಕೊಂಡಿದೆ. ಬ್ರಿಟಿಷರ ಕಾಲದಲ್ಲಿ, 1854ರಲ್ಲಿ, ಇದನ್ನು ಹರಾಜಿಗೆ ಇಟ್ಟರು. ಬಂದ ಬೆಲೆ ಕೇವಲ 150 ರೂಪಾಯಿ! ಪುಣ್ಯಕ್ಕೆ ಆ ಮಾರಾಟ ರದ್ದಾಯಿತು. ವಾಣಿಜ್ಯ ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಲೆಕ್ಕಶಾಸ್ತ್ರದಲ್ಲಿ ಆಸ್ತಿ ಹಳೆಯದಾದಷ್ಟೂ ಸವಕಳಿ ಕಳೆಯುತ್ತೇವೆ, ಕೊನೆಗೆ ಉಳಿಯುವುದು ಗುಜರಿ ಬೆಲೆ. ಹರಾಜು ಹಾಕಿದವರು ಮಾಡಿದ್ದೂ ಅದೇ ಲೆಕ್ಕ. ಆದರೆ ಈ ಫಿರಂಗಿಯ ಬೆಲೆ ಹಳೆಯದಾದಷ್ಟೂ ಹೆಚ್ಚುತ್ತಿದೆ.

5. ತಾಜ್ ಬಾವಡಿ ಮತ್ತು ಇಬ್ರಾಹಿಂ ರೋಜಾ
ತಾಜ್ ಬಾವಡಿ ರಾಣಿ ತಾಜ್ ಸುಲ್ತಾನಾಳ ಹೆಸರಿನ ದೊಡ್ಡ ಬಾವಿ. ಮಳೆ ಕಡಿಮೆ ಇರುವ ನಾಡಿನಲ್ಲಿ ರಾಜಧಾನಿ ಹೇಗೆ ಬದುಕಿತು ಎಂಬುದಕ್ಕೆ ಇಂಥ ಬಾವಿಗಳೇ ಉತ್ತರ. ಕೊನೆಗೆ ಇಬ್ರಾಹಿಂ ರೋಜಾ. ಎರಡನೇ ಇಬ್ರಾಹಿಂ ಆದಿಲ್ ಶಾಹ ಮತ್ತು ತಾಜ್ ಸುಲ್ತಾನಾ ಇಲ್ಲಿದ್ದಾರೆ. ಗೋಡೆಯ ಶಾಸನದಲ್ಲಿ ಕಟ್ಟಿಸಿದ ಮಲಿಕ್ ಸಂದಲ್‌ನ ಹೆಸರೂ, ಖರ್ಚಿನ ಲೆಕ್ಕವೂ ಇದೆ: 1,50,900 ಹೊನ್ನು. ಕಲ್ಲಿನಲ್ಲಿ ಕೊರೆದ ಇಂಥ ಲೆಕ್ಕಪತ್ರ ಬೇರೆಲ್ಲಿ ಸಿಗುತ್ತದೆ?

ಈ ಇಬ್ರಾಹಿಂ ದಖನಿಯಲ್ಲಿ 'ಕಿತಾಬ್-ಎ-ನೌರಸ್' ಎಂಬ ಹಾಡುಗಳ ಪುಸ್ತಕ ರಚಿಸಿದ. ಅದರಲ್ಲಿ ಸರಸ್ವತಿಯ ಸ್ತುತಿಯೂ ಇದೆ. ಅವನನ್ನು ಜನ ಜಗದ್ಗುರು ಬಾದಶಾಹ ಎಂದು ಕರೆದರು. ನಮ್ಮಂಥ ಅನೇಕ ಮನೆಗಳಲ್ಲಿ ಆಡುವ ಮಾತು ಇದೇ ದಖನಿಯ ಸಂತತಿ. ಅದು "ಸರಿಯಾದ ಉರ್ದು ಅಲ್ಲ" ಎಂದು ನಾವೇ ನಗುತ್ತೇವೆ. ಒಬ್ಬ ಬಾದಶಾಹ ಹಾಡು ಕಟ್ಟಿದ ಭಾಷೆಗೆ ನಾವೂ 150 ರೂಪಾಯಿಯ ಬೆಲೆ ಕಟ್ಟುತ್ತಿದ್ದೇವೆ ಅಲ್ಲವೇ?

ನೆನಪಿಡಬೇಕಾದದ್ದು
ನೀರಿನ ಬಾಟಲಿ, ಟೋಪಿ, ಕಾಲೇಜಿನ ಗುರುತಿನ ಚೀಟಿ ಜೊತೆಗಿರಲಿ. ಗೋಡೆಗಳ ಮೇಲೆ ಹೆಸರು ಕೆತ್ತಬೇಡಿ. ಒಂದು ನೋಟ್ ಪುಸ್ತಕ ಒಯ್ದು ಪ್ರತಿ ಸ್ಥಳಕ್ಕೂ ನಾಲ್ಕು ಸಾಲು ಬರೆಯಿರಿ: ಯಾರು ಕಟ್ಟಿಸಿದರು, ಏಕೆ, ಹೇಗೆ ನಿಂತಿದೆ, ಇಂದು ಯಾವ ಸ್ಥಿತಿಯಲ್ಲಿದೆ. ಫೋಟೋ ಫೋನಿನಲ್ಲಿ ಉಳಿಯುತ್ತದೆ, ಬರೆದದ್ದು ತಲೆಯಲ್ಲಿ ಉಳಿಯುತ್ತದೆ.